ಹೊಸ ತೊಟ್ಟಿಗೆ ಮೀನು ಬಿಡೋಕೆ ಮುಂಚೆ ಸೈಕ್ಲಿಂಗ್ ಎಷ್ಟು ದಿನ? ಅಂಗಡಿಯವರು ಎರಡು ದಿನ ಸಾಕು ಅಂತಾರೆ

ಜಯನಗರ_ತೊಟ್ಟಿ
ಎಲ್ಲರಿಗೂ ನಮಸ್ಕಾರ. ಮನೇಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಇಟ್ಟಿದ್ದೀವಿ. ತಳಕ್ಕೆ ಜಲ್ಲಿ, ಏರ್ ಪಂಪಿಗೆ ಸಿಕ್ಕಿಸಿದ ಸ್ಪಂಜ್ ಫಿಲ್ಟರ್, ಹೀಟರ್, ಕಟ್ಟಿಗೆಗೆ ಕಟ್ಟಿದ ಎರಡು ಅನುಬಿಯಾಸ್ ಗಿಡ. ನೀರು ಕಾವೇರಿ ನಲ್ಲಿಯದು, ಆ್ಯಂಟಿ-ಕ್ಲೋರಿನ್ ಹಾಕಿದ್ದೀನಿ. ಅಂಗಡಿಯವರು ಎರಡು ದಿನ ಫಿಲ್ಟರ್ ಓಡಿಸಿ ಮೀನು ತಗೊಂಡು ಹೋಗಿ ಅಂದ್ರು. ನಮ್ಮ ಭಾವ ತಿಂಗಳಾದ್ರೂ ಬಿಡು, ಸೈಕಲ್ ಆಗ್ಬೇಕು ಅಂತಾರೆ. ನೀರಂತೂ ತಿಳಿಯಾಗಿದೆ, ತಳದ ಕಲ್ಲು ಒಂದೊಂದೂ ಎಣಿಸಬಹುದು. ಮಗಳು ದಿನಾ ಸ್ಕೂಲಿಂದ ಬಂದು ಖಾಲಿ ತೊಟ್ಟಿ ಮುಂದೆ ಕೂರ್ತಾಳೆ.

ನನ್ನ ಪ್ರಶ್ನೆ: ಬರೀ ನೀರು ಓಡಿಸ್ತಾ ಕಾದರೆ ಸಾಕಾ? ನಾಲ್ಕು ಗಪ್ಪಿ ಬಿಟ್ಟೇ ಶುರು ಮಾಡಬಹುದಾ? ಬಾಟಲಿಯಲ್ಲಿ ಬರೋ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ?

ಗಪ್ಪಿಪ್ರಿಯ
ನಿಮ್ಮ ಭಾವ ಹೇಳಿದ್ದು ಸರಿ. ಕಾಯಿರಿ.

ಶಿವಾಜಿನಗರ_ಹಳಬ
ಈಗಿನವರು ಇದನ್ನ ವಿಪರೀತ ಮಾಡಿಟ್ಟಿದ್ದಾರೆ. ರಸೆಲ್ ಮಾರ್ಕೆಟ್‌ನಲ್ಲಿ ಚಿಕ್ಕಂದಿನಿಂದ ಮೀನು ತಗೋತಿದ್ದೀನಿ. ನೀರು ಎರಡು ದಿನ ಬಿಡೋದು, ಕ್ಲೋರಿನ್ ಹೋಗುತ್ತೆ, ಮೀನು ಬಿಡೋದು. ನನ್ನ ತೊಟ್ಟಿಯ ಮೀನು ವರ್ಷಗಟ್ಟಲೆ ಬದುಕಿವೆ. ಟೆಸ್ಟ್ ಕಿಟ್ಟು, ಕೆಮಿಕಲ್ಲು, ಇದೆಲ್ಲ ಯಾಕೆ ಬೇಕು?

ಮೇಷ್ಟ್ರು_ತುಮಕೂರು
@ಶಿವಾಜಿನಗರ_ಹಳಬ ಒಂದು ಮಾತು ಕೇಳ್ತೀನಿ ಸರ್. ನೀವು ಹೊಸ ತೊಟ್ಟಿ ಇಟ್ಟಾಗ ಫಿಲ್ಟರ್ ಹೊಸದಾ, ಹಳೇ ತೊಟ್ಟಿಯದಾ?

ಶಿವಾಜಿನಗರ_ಹಳಬ
ಹಳೇದೇ. ಒಂದು ತೊಟ್ಟಿಯಿಂದ ತೆಗೆದು ಇನ್ನೊಂದಕ್ಕೆ ಹಾಕೋದು. ಜಲ್ಲೀನೂ ಒಂದಿಷ್ಟು ಹಳೇದೇ ಹಾಕ್ತೀನಿ.

ಮೇಷ್ಟ್ರು_ತುಮಕೂರು
ಅಲ್ಲೇ ಉತ್ತರ ಇದೆ ನೋಡಿ. ನೀವು ಪ್ರತಿ ಸಲ ಹೆಪ್ಪು ಹಾಕಿದ್ದೀರಿ. ಹಾಲಿಗೆ ಹಳೇ ಮೊಸರು ಬಿದ್ದರೆ ರಾತ್ರಿ ಕಳೆಯೋದ್ರಲ್ಲಿ ಗಟ್ಟಿಯಾಗುತ್ತೆ, ಇಲ್ಲದಿದ್ರೆ ಕೆಡುತ್ತೆ. ಅಂಗಡಿಯವರಿಗೂ ಎರಡು ದಿನ ಸಾಕಾಗೋದು ಇದೇ ಕಾರಣಕ್ಕೆ, ಅವರ ಹತ್ರ ಹಣ್ಣಾದ ಸ್ಪಂಜುಗಳು ಹತ್ತಾರು ಇರುತ್ತೆ. ಜಯನಗರದವರ ಹತ್ರ ಎಲ್ಲಾ ಹೊಸದು.

ಈಗ ಮೂಲ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೀನು ಕಿವಿರಿನಿಂದ ಸದಾ ಅಮೋನಿಯಾ ಬಿಡ್ತಾ ಇರುತ್ತೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇದಕ್ಕೆ ಸೇರಿಕೊಳ್ಳುತ್ತೆ. ಕೆರೆಯಲ್ಲಾದರೆ ಅಷ್ಟು ನೀರಲ್ಲಿ ಅದು ಕರಗಿ ಹೋಗುತ್ತೆ. ನಿಮ್ಮ ತೊಟ್ಟಿಯಲ್ಲಿ ಇರೋದು ಸುಮಾರು 50 ಲೀಟರ್. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಮಾತ್ರ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾಯಿಸಿದರೆ ಹತೋಟಿಯಲ್ಲಿರುತ್ತೆ. ಈ ಎರಡೂ ಗುಂಪು ಸಾಕಷ್ಟು ಬೆಳೆಯೋವರೆಗೆ ಕಾಯೋದಕ್ಕೇ ಸೈಕ್ಲಿಂಗ್ ಅನ್ನೋದು.

ಅವು ನಿಧಾನಕ್ಕೆ ಬೆಳೆಯುವ ಜಾತಿ. ಹಾಲು ಕೆಡಿಸೋ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ ಇವಕ್ಕೆ ಅರ್ಧ ದಿನ, ಒಂದು ದಿನ ಬೇಕು. ಜೊತೆಗೆ ಅವು ನೀರಲ್ಲಿ ತೇಲಿಕೊಂಡು ಇರಲ್ಲ. ಸ್ಪಂಜು, ಜಲ್ಲಿ, ಗಾಜು, ಎಲೆ, ಎಲ್ಲೆಲ್ಲಿ ಮೇಲ್ಮೈ ಇದೆಯೋ ಅಲ್ಲಿ ಅಂಟಿಕೊಂಡಿರುತ್ತೆ. ಅದಕ್ಕೇ 'ಹಳೇ ನೀರು' ತಂದು ಸುರಿದರೆ ಉಪಯೋಗ ಕಡಿಮೆ, ಹಳೇ ಸ್ಪಂಜು ತಂದರೆ ಬಹಳ.

ಬರೀ ನೀರು ಓಡಿಸ್ತಾ ಕಾದರೆ ಎರಡು ತಿಂಗಳಾದರೂ ಏನೂ ಆಗಲ್ಲ. ಅವಕ್ಕೆ ಊಟವೇ ಇಲ್ಲವಲ್ಲ. ಮೊದಲ ದಿನದಿಂದ ಅಮೋನಿಯಾ ಕೊಡಬೇಕು, ಮೀನಿಲ್ಲದೆ ಕೊಡಬೇಕು. ನೀರಿನ ತಿಳಿ ನೋಡಿ ಮೋಸ ಹೋಗಬೇಡಿ, ಅಮೋನಿಯಾಗೆ ಬಣ್ಣ ಇಲ್ಲ.

ಜಯನಗರ_ತೊಟ್ಟಿ
ಬಹಳ ಧನ್ಯವಾದ ಸರ್. ಅಮೋನಿಯಾ ಎಲ್ಲಿ ಸಿಗುತ್ತೆ? ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಇಲ್ಲ ಅಂದ್ರು.

ಧಾರವಾಡ_ಮೀನಗಾರ
ನವಸಾಗರ ತಗೋರಿ. ಗ್ರಂಧಿಗೆ ಅಂಗಡ್ಯಾಗ ಸಿಗ್ತದ. ಹಿತ್ತಾಳಿ ಪಾತ್ರಿಗೆ ಕಲಾಯಿ ಹಾಕವ್ರು ಉಜ್ಜತಾರಲ್ರೀ, ಬಿಳಿ ಪುಡಿ, ಅದ. ಅಮೋನಿಯಂ ಕ್ಲೋರೈಡ್ ಅಂದ್ರ ಅದ. ಒಂದೆರಡು ಚಿಟಿಕಿ ಹಾಕಿದ್ರ ಸಾಕು.

ರಸಾಯನ_ರಾವ್
ಚಿಟಿಕೆ ಲೆಕ್ಕ ಬೇಡ, ತೂಕದ ಲೆಕ್ಕ ಬೇಕು. ಗುರಿ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ. 100 ಲೀಟರಿಗೆ ಅಮೋನಿಯಂ ಕ್ಲೋರೈಡ್ ಸುಮಾರು 0.6 ಗ್ರಾಂ, ನಿಮ್ಮ 50 ಲೀಟರಿಗೆ 0.3 ಗ್ರಾಂ. ಮನೆಯ ತಕ್ಕಡಿಯಲ್ಲಿ ಇಷ್ಟು ಚಿಕ್ಕ ತೂಕ ಸಿಗಲ್ಲ. ಹೀಗೆ ಮಾಡಿ: 6 ಗ್ರಾಂ ಪುಡಿಯನ್ನ 1 ಲೀಟರ್ ನೀರಲ್ಲಿ ಕರಗಿಸಿ ಬಾಟಲಿಯಲ್ಲಿಡಿ, ಮೇಲೆ ಹೆಸರು ಬರೆಯಿರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಆ ದ್ರಾವಣ ತೊಟ್ಟಿಯ ಪ್ರತಿ ಲೀಟರಿಗೆ 1 ಮಿಲಿಯಂತೆ ಹಾಕಿದರೆ ಹೆಚ್ಚುಕಡಿಮೆ 2 ಪಿಪಿಎಂ. ಅಂದರೆ ನಿಮಗೆ 50 ಮಿಲಿ. ಸೂಜಿಯಿಲ್ಲದ ಸಿರಿಂಜು ಸಾಕು.

ಕಲಾಯಿ ನವಸಾಗರದ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಅದು ಲೋಹಕ್ಕೆ ಉಜ್ಜೋಕೆ ಮಾಡಿದ ಸರಕು, ಎಷ್ಟು ಶುದ್ಧ ಅಂತ ಯಾರೂ ಬರೆದಿರಲ್ಲ. ತಾಮ್ರದ ಅಂಶ ಸ್ವಲ್ಪ ಇದ್ದರೂ ಮುಂದೆ ಸೀಗಡಿ, ಬಸವನಹುಳು ಸಾಕೋಕೆ ಆಗಲ್ಲ. ಕಾಲೇಜು ಲ್ಯಾಬ್‌ಗಳಿಗೆ ಸಾಮಾನು ಕೊಡೋ ಕೆಮಿಕಲ್ ಅಂಗಡಿಯಲ್ಲಿ ಲ್ಯಾಬ್ ದರ್ಜೆಯದು ಚಿಕ್ಕ ಡಬ್ಬದಲ್ಲಿ ಸಿಗುತ್ತೆ. ಒಂದು ಡಬ್ಬ ನಿಮಗೆ ಜೀವಮಾನಕ್ಕೆ ಸಾಕು.

ಧಾರವಾಡ_ಮೀನಗಾರ
ರಾವ್ ಸಾಹೇಬ್ರ, ನಾ ಹಾಕೇನಿ, ಏನೂ ಆಗಿಲ್ಲ. ಆದ್ರ ಸೀಗಡಿ ಸಾಕವ್ರಿದ್ರ ನೀವ್ ಹೇಳಿದ್ದ ಮಾಡ್ಲಿ, ಅದಕ್ಕ ನಂದೇನ್ ತಕರಾರಿಲ್ಲ.

ಗಪ್ಪಿಪ್ರಿಯ
ಕೆಮಿಕಲ್ ಬೇಡ ಅನ್ನೋರು ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ಹೋದ್ರೂ ಆಗುತ್ತೆ. ಕೊಳೆತು ಅಮೋನಿಯಾ ಬಿಡುತ್ತೆ.

ರಸಾಯನ_ರಾವ್
ಆಗುತ್ತೆ. ಆದರೆ ಎಷ್ಟು ಬಿಡ್ತು ಅಂತ ಗೊತ್ತಾಗಲ್ಲ, ಜಲ್ಲಿ ಮೇಲೆ ಬೂಸ್ಟು ಹಿಡಿಯುತ್ತೆ, ವಾಸನೆ ಬರುತ್ತೆ. ಅಳೆದು ಹಾಕೋ ದಾರಿ ಇರುವಾಗ ಅದು ಯಾಕೆ? ಇನ್ನೊಂದು, ಯೂರಿಯಾ ಗೊಬ್ಬರ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಒಡೆದು ಅಮೋನಿಯಾ ಆಗೋವರೆಗೆ ಕಿಟ್‌ನಲ್ಲಿ ಕಾಣಲ್ಲ. ಕಾಣಲಿಲ್ಲ ಅಂತ ಇನ್ನಷ್ಟು ಹಾಕ್ತೀರಿ, ಆಮೇಲೆ ಎಲ್ಲಾ ಒಟ್ಟಿಗೆ ಏರುತ್ತೆ. ನೆಲ ಒರೆಸೋ ಅಮೋನಿಯಾದಲ್ಲಿ ಸೋಪು ಸೇರಿರುತ್ತೆ. ಬಾಟಲಿ ಅಲ್ಲಾಡಿಸಿ ನೋಡಿ, ನೊರೆ ನಿಂತರೆ ಅದು ತೊಟ್ಟಿಗಲ್ಲ.

ಬೇಗ ಆಗಲಿ ಅಂತ ಡೋಸ್ ಜಾಸ್ತಿ ಮಾಡೋದೂ ತಪ್ಪು. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾಗಳೇ ತಡವರಿಸ್ತವೆ, ಮುಖ್ಯವಾಗಿ ಎರಡನೇ ಗುಂಪು.

ಹೊಸಬ_ಹಾಸನ
ನಾನು ಆಗಲೇ ಎರಡು ಗೋಲ್ಡ್‌ಫಿಶ್ ಬಿಟ್ಟಾಗಿದೆ. ಅಂಗಡಿಯವರು ಹೇಳಿದ ಹಾಗೇ ಮಾಡಿದ್ದು. ಒಂದು ಮೇಲೆ ಬಂದು ಬಾಯಿ ಬಡೀತಾ ಇದೆ. ಏನ್ ಮಾಡ್ಲಿ? ಬೇಗ ಹೇಳಿ.

ಮೇಷ್ಟ್ರು_ತುಮಕೂರು
ಈಗಲೇ ಅರ್ಧ ನೀರು ಬದಲಾಯಿಸಿ. ಕ್ಲೋರಿನ್ ತೆಗೆದ ನೀರು, ತೊಟ್ಟಿಯಷ್ಟೇ ಬಿಸಿ ಇರೋದು. ಏರ್ ಪಂಪ್ ಪೂರ್ತಿ ಬಿಡಿ. ಇವತ್ತು, ನಾಳೆ ಊಟ ಬೇಡ, ಗೋಲ್ಡ್‌ಫಿಶ್ ಉಪವಾಸಕ್ಕೆ ಸಾಯಲ್ಲ. ಕಿಟ್ ಇದ್ದರೆ ಅಳತೆ ಹೇಳಿ. ಇಲ್ಲದಿದ್ದರೆ ಒಂದು ವಾರ ದಿನಾ ಕಾಲು ಭಾಗ ನೀರು ತೆಗೆದು ಹಾಕಿ.

ರಸಾಯನ_ರಾವ್
ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಇರಬಹುದು. ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತೆ, ನೀರಲ್ಲಿ ಗಾಳಿ ಇದ್ದರೂ ಮೀನು ಉಸಿರುಗಟ್ಟುತ್ತೆ. ಇದಕ್ಕೆ ಕಲ್ಲುಪ್ಪು ಸಹಾಯ ಮಾಡುತ್ತೆ. 10 ಲೀಟರಿಗೆ 1 ಗ್ರಾಂ, ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನಕ್ಕೆ ಸುರಿಯಿರಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನ ತಡೆಯುತ್ತೆ. ಅಮೋನಿಯಾಗೆ ಮಾತ್ರ ಉಪ್ಪು ಮದ್ದಲ್ಲ, ಅದಕ್ಕೆ ನೀರು ಬದಲಾಯಿಸೋದೇ.

ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅನ್ನೋ ಅಳತೆ, ಅದನ್ನೂ ನೋಡಿ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರೋದು ನೂರಕ್ಕೆ 0.6ರಷ್ಟು. ಪಿಎಚ್ 8 ಆದರೆ ನೂರಕ್ಕೆ 5 ದಾಟುತ್ತೆ. ಕಿಟ್‌ನಲ್ಲಿ ಬಣ್ಣ ಒಂದೇ ತೋರಿಸಿದರೂ ಮೀನಿಗೆ ಬೀಳೋ ಪೆಟ್ಟು ಸುಮಾರು ಒಂಬತ್ತು ಪಟ್ಟು.

ಹೊಸಬ_ಹಾಸನ
ಅರ್ಧ ನೀರು ಬದಲಾಯಿಸಿದೆ. ಈಗ ಸ್ವಲ್ಪ ಕೆಳಗೆ ಇಳಿದಿದೆ. ನಮ್ಮತ್ತೆ, ಮೀನು ಸತ್ತರೆ ಮನೆ ಮೇಲಿನ ದೃಷ್ಟಿ ತಗೊಂಡು ಹೋಗುತ್ತೆ, ಚಿಂತೆ ಮಾಡ್ಬೇಡ ಅಂತಿದ್ದಾರೆ.

ಗಿಡದಮ್ಮ
ಆ ಮಾತು ಕೇಳಿದರೆ ನನಗೆ ಸಂಕಟ ಆಗುತ್ತೆ. ವಾಸ್ತು ಅಂತ ಹಾಲ್‌ನಲ್ಲಿ ಫ್ಲವರ್‌ಹಾರ್ನ್ ಇಡ್ತಾರೆ, ಅರೋವಾನಾ ಇಡ್ತಾರೆ, ಸತ್ತರೆ ದೋಷ ಹೋಯ್ತು ಅಂತ ಮರುದಿನವೇ ಇನ್ನೊಂದು ತರ್ತಾರೆ. ಅದೇ ತೊಳೆದ ಫಿಲ್ಟರ್, ಅದೇ ಹೊಸ ನೀರು. ಅದೂ ಸಾಯುತ್ತೆ. ಆ ಜೀವ ಕಿವಿರು ಸುಟ್ಟುಕೊಂಡು ಸತ್ತಿದೆ. ಹಿರಿಯರಿಗೆ ನೋವಾಗದ ಹಾಗೆ ಹೇಳಿ, ಆದರೆ ಹೇಳಿ.

ಶಿವಾಜಿನಗರ_ಹಳಬ
ಇದನ್ನ ನಾನೂ ಒಪ್ಪುತ್ತೀನಿ. ನಂಬಿಕೆ ಇರಲಿ, ಮೀನಿನ ಜೀವಕ್ಕೂ ಬೆಲೆ ಇರಲಿ.

ಕುಡ್ಲ_ಬಾವಿ
ನಮ್ಮ ಮಂಗಳೂರು ಕಡೆಯವರಿಗೆ ಇನ್ನೊಂದು ತಾಪತ್ರಯ ಉಂಟು, ಅದನ್ನು ಯಾರೂ ಹೇಳಲಿಲ್ಲ. ನಮ್ಮದು ಮುರಕಲ್ಲಿನ ಬಾವಿ ನೀರು. ಕುಡಿಯಲಿಕ್ಕೆ ಅಮೃತ, ಆದರೆ ತುಂಬ ಮೆದು, ಪಿಎಚ್ 6ರ ಆಸುಪಾಸು. ಅಮೋನಿಯಾ ಹಾಕಿ ಕಾದದ್ದೇ ಕಾದದ್ದು. ಮೊದಲು ಸ್ವಲ್ಪ ಇಳಿಯಿತು, ಮತ್ತೆ ನಿಂತೇ ಹೋಯಿತು. ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳುವ ಕಾರ್ಬೊನೇಟ್ ನಮ್ಮ ನೀರಲ್ಲಿ ಇಲ್ಲ ಮಾರಾಯ್ರೆ. ಪಿಎಚ್ ಕೆಳಗೆ ಹೋದ ಹಾಗೆ ಅವು ಕೆಲಸ ನಿಲ್ಲಿಸುತ್ತವೆ.

ಕೊನೆಗೆ ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು, ಹಾಕಿದೆ. ಸುಕ್ಕ ಮಾಡಿ ತಿಂದ ಮೇಲೆ ಉಳಿದ ಚಿಪ್ಪನ್ನು ಬಿಸಿನೀರಲ್ಲಿ ಕುದಿಸಿ, ಬ್ರಷ್ ಹಾಕಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಒಡೆದು ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಟ್ಟದ್ದು. ನಾಲ್ಕೈದು ದಿನಕ್ಕೆ ಪಿಎಚ್ 7 ದಾಟಿತು, ಅಮೋನಿಯಾ ಇಳಿಯಲಿಕ್ಕೆ ಸುರುವಾಯಿತು. ನೀರು ಆಮ್ಲ ಆದ ಹಾಗೆ ಚಿಪ್ಪು ಕರಗುತ್ತದೆ, ಸರಿಯಾದರೆ ಕರಗುವುದು ನಿಧಾನ ಆಗುತ್ತದೆ, ನಾವು ಎಂತ ಮಾಡಲಿಕ್ಕೂ ಇಲ್ಲ. ಸುಣ್ಣ ಮಾತ್ರ ಹಾಕಬೇಡಿ, ಪಿಎಚ್ ಒಮ್ಮೆಲೇ ಹಾರುತ್ತದೆ.

ರಸಾಯನ_ರಾವ್
@ಕುಡ್ಲ_ಬಾವಿ ಬಹಳ ಮುಖ್ಯವಾದ ವಿಷಯ. ಇದಕ್ಕೊಂದು ಲೆಕ್ಕ ಸೇರಿಸ್ತೀನಿ. 2 ಪಿಪಿಎಂನ ಒಂದು ಡೋಸ್ ಪೂರ್ತಿ ನೈಟ್ರೇಟ್ ಆಗೋವಷ್ಟರಲ್ಲಿ ಲೀಟರಿಗೆ ಸುಮಾರು 12 ಮಿಲಿಗ್ರಾಂ ಕ್ಷಾರಗುಣ ಖರ್ಚಾಗುತ್ತೆ. ನಿಮ್ಮ ನೀರಿನ ಕೆಎಚ್, ಅಂದರೆ ಆ ಕಾರ್ಬೊನೇಟಿನ ಅಳತೆ, 2 ಡಿಗ್ರಿ ಇದ್ದರೆ ಅಲ್ಲಿರೋದು 36 ಮಿಲಿಗ್ರಾಂ. ಮೂರು ಡೋಸ್‌ಗೆ ಬರಿದು. ಚಿಪ್ಪು ಸಿಗದವರು ಅಡುಗೆ ಸೋಡಾ ಹಾಕಬಹುದು, 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತೆ. ಆರ್‌ಒ ನೀರು ತುಂಬೋರಿಗೂ ಇದೇ ಗತಿ, ಅದರಲ್ಲಿ ಕೆಎಚ್ ಇರೋದೇ ಇಲ್ಲ ಅನ್ನಬಹುದು.

ಧಾರವಾಡ_ಮೀನಗಾರ
ನಮ್ದು ಉಲ್ಟಾ. ಬೋರಿನ ನೀರು ಅಂದ್ರ ಬಕೆಟ್ಟಿಗೆ ಬಿಳಿ ಪೊರಿ ಕಟ್ತದ, ಕೆಎಚ್ ಬೇಕಾದಷ್ಟು. ನಳದ ನೀರು ವಾರಕ್ಕೊಮ್ಮೆ ಬರ್ತದ, ಸಿಂಟೆಕ್ಸ್‌ನ್ಯಾಗ ನಿಂತು ನಿಂತು ಕ್ಲೋರಿನ್ ತಾನ ಹೋಗಿರ್ತದ.

ಗಪ್ಪಿಪ್ರಿಯ
ಬೋರ್ ನೀರಿನವರು ಮೊದಲು ನಲ್ಲಿಯಿಂದ ಬಂದ ನೀರನ್ನೇ ಟೆಸ್ಟ್ ಮಾಡಿ. ಕೆಲವು ಕಡೆ ಅಲ್ಲೇ ನೈಟ್ರೇಟ್ ಇರುತ್ತೆ. ಕುಡಿಯೋ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದನ್ನೂ ದಾಟಿದ ಬೋರ್‌ವೆಲ್‌ಗಳಿವೆ. ಅದು ಗೊತ್ತಿಲ್ಲದಿದ್ರೆ ತೊಟ್ಟಿ ಸೈಕಲ್ ಆಯ್ತು ಅಂತ ತಪ್ಪು ತಿಳ್ಕೋತೀರ.

ಬೇಏರಿಯಾ_ಕನ್ನಡಿಗ
ಕ್ಲೋರಿನ್ ನಿಂತರೆ ಹೋಗುತ್ತೆ ಅನ್ನೋ ಮಾತು ಎಲ್ಲಾ ಊರಿಗೂ ಹೊಂದಲ್ಲ. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಿಂದ ಕ್ಲೋರಿನ್ ಬದಲು ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಹಾಕ್ತಾರೆ. ಅದು ಎರಡು ದಿನ ಬಿಟ್ಟರೆ ಹೋಗಲ್ಲ. ಕ್ಲೋರಿನ್ ತೆಗೆಯೋ ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಭಾಗ ಕಳೆದು ಅಮೋನಿಯಾ ಉಳಿಯುತ್ತೆ. ಹೊರದೇಶದಲ್ಲಿರೋ ಕನ್ನಡಿಗರು ಊರಿನ ವಿಧಾನ ಹಾಗೇ ಮಾಡಬೇಡಿ, ನಿಮ್ಮ ನೀರಿನ ಕಂಪನಿಯ ವರದಿ ಓದಿ. ಅಕ್ಕ ಹೊಸದಾಗಿ ತೊಟ್ಟಿ ಇಟ್ಟಾಗ, ಹೊಸ ನೀರಲ್ಲೇ ಅಮೋನಿಯಾ ಯಾಕೆ ಬರ್ತಿದೆ ಅಂತ ತಲೆ ಕೆಡಿಸಿಕೊಂಡಿದ್ಲು. ಕಾರಣ ಇದೇ.

ಜಯನಗರ_ತೊಟ್ಟಿ
ಲ್ಯಾಬ್ ದರ್ಜೆಯ ಅಮೋನಿಯಂ ಕ್ಲೋರೈಡ್ ಸಿಕ್ತು. ಎಪಿಐ ಕಂಪನಿಯ ಟೆಸ್ಟ್ ಕಿಟ್ಟೂ ತಂದೆ. ರಾವ್ ಸರ್ ಹೇಳಿದ ಹಾಗೆ ದ್ರಾವಣ ಮಾಡಿ 50 ಮಿಲಿ ಹಾಕಿದೆ. ಅಮೋನಿಯಾ ಟೆಸ್ಟ್ ಹಸಿರು ಬಂತು, 2 ಅಥವಾ 4 ಅನ್ನೋ ಅನುಮಾನ. ಬಾಟಲಿ ಬ್ಯಾಕ್ಟೀರಿಯಾ ಬಗ್ಗೆ ಯಾರೂ ಹೇಳಲಿಲ್ಲ?

ಮಲ್ನಾಡ್_ಹಳ್ಳ
ಬಣ್ಣವನ್ನ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಬೆಳಗ್ಗೆ ಕಿಟಕಿ ಹತ್ರ ನಿಂತು, ಗಾಜಿನ ನಳಿಕೆಯನ್ನ ಕಾರ್ಡಿನ ಬಿಳಿ ಭಾಗಕ್ಕೆ ಒತ್ತಿ ಹಿಡಿದು ನೋಡಿ. ಎಲ್‌ಇಡಿ ಬೆಳಕಲ್ಲಿ ಹಳದಿಯೂ ಹಸಿರು ಕಾಣುತ್ತೆ.

ನೈಟ್ರೇಟ್ ಟೆಸ್ಟಿನ ಎರಡನೇ ಬಾಟಲಿಯನ್ನ 30 ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಹನಿ ಹಾಕಿದ ಮೇಲೆ ನಳಿಕೆಯನ್ನ ಒಂದು ನಿಮಿಷ ಅಲ್ಲಾಡಿಸಿ. ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಇದನ್ನ ಮಾಡದೆ ನೈಟ್ರೇಟ್ ಸೊನ್ನೆ, ಸೈಕಲ್ ಆಗಿಲ್ಲ ಅಂತ ಬರೆಯೋರು ಬಹಳ ಜನ.

ಮೇಷ್ಟ್ರು_ತುಮಕೂರು
ಬಾಟಲಿ ಬ್ಯಾಕ್ಟೀರಿಯಾ: ಒಳ್ಳೇದೂ ಇದೆ, ಕೆಲಸಕ್ಕೆ ಬಾರದ್ದೂ ಇದೆ. ಹಿಂದೆ ನೈಟ್ರೈಟ್ ತಿನ್ನೋದು ನೈಟ್ರೊಬ್ಯಾಕ್ಟರ್ ಅಂತ ಎಲ್ಲಾ ಪುಸ್ತಕದಲ್ಲೂ ಇತ್ತು. 1998ರಲ್ಲಿ ಅಮೆರಿಕದ ಟಿಮೊತಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಹುಡುಕಿದಾಗ ಆ ಕೆಲಸದಲ್ಲಿ ಕಂಡದ್ದು ನೈಟ್ರೊಸ್ಪೈರಾ ಅನ್ನೋ ಬೇರೆ ಬ್ಯಾಕ್ಟೀರಿಯಾ. 2015ರಲ್ಲಿ ಇನ್ನೂ ಸ್ವಾರಸ್ಯ: ಅಮೋನಿಯಾದಿಂದ ನೈಟ್ರೇಟ್‌ವರೆಗೆ ಇಡೀ ದಾರಿಯನ್ನ ಒಂದೇ ಸವೆಸೋ ನೈಟ್ರೊಸ್ಪೈರಾ ಇದೆ ಅಂತ ಎರಡು ತಂಡ ತೋರಿಸಿದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನ ಬೇರ್ಪಡಿಸಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಎರಡು ಹಂತಕ್ಕೆ ಎರಡು ಜೀವಿ ಅಂತಲೇ ಪಾಠ ಮಾಡ್ತಿದ್ವಿ.

ಇವು ಬೀಜಾಣು ಕಟ್ಟಿಕೊಂಡು ನಿದ್ದೆ ಮಾಡೋ ಜಾತಿಯಲ್ಲ. ಬಾಟಲಿಯಲ್ಲಿದ್ದರೂ ಜೀವಂತ ಇರಬೇಕು, ತಂಪಲ್ಲಿ ಇರಬೇಕು. ಬೇಸಿಗೆಯಲ್ಲಿ ಲಾರಿಯೊಳಗೆ ಬೆಂದು ಬಂದ ಬಾಟಲಿಯಿಂದ ಏನು ನಿರೀಕ್ಷೆ ಮಾಡೋದು? ಬಾಟಲಿ ಹಾಕಿದರೂ ಟೆಸ್ಟ್ ಬಿಡಬೇಡಿ.

ಶಿವಾಜಿನಗರ_ಹಳಬ
ಬಾಟಲಿಗೆ ಕೊಡೋ ದುಡ್ಡಲ್ಲಿ ಆಟೋ ಮಾಡ್ಕೊಂಡು ಬನ್ನಿ ಜಯನಗರದವರೇ, ನನ್ನ ತೊಟ್ಟಿಯ ಒಂದು ಸ್ಪಂಜು ಕೊಡ್ತೀನಿ. ದುಡ್ಡು ಬೇಡ.

ಮೇಷ್ಟ್ರು_ತುಮಕೂರು
ಇದಕ್ಕಿಂತ ಒಳ್ಳೇದು ಇಲ್ಲ. ಒಂದೇ ಮುನ್ನೆಚ್ಚರಿಕೆ: ಆ ತೊಟ್ಟಿಯಲ್ಲಿ ಈಚೆಗೆ ರೋಗ ಬಂದಿರಬಾರದು, ಮೆಥಿಲಿನ್ ಬ್ಲೂ ಹಾಕಿರಬಾರದು. ಸ್ಪಂಜನ್ನ ಹಳೇ ತೊಟ್ಟಿಯ ನೀರಲ್ಲೇ ಕವರಿಗೆ ಹಾಕಿ, ಜೊತೆಗೆ ಗಾಳಿ ತುಂಬಿ, ಆವತ್ತೇ ತಂದು ಹಾಕಿ. ನಲ್ಲಿ ನೀರಲ್ಲಿ ತೊಳೆಯಬೇಡಿ.

ಶಿವಾಜಿನಗರ_ಹಳಬ
ರೋಗ ಇಲ್ಲ, ಔಷಧಿ ಹಾಕಿಲ್ಲ. ಮೊಲ್ಲಿ ಮರಿ ಹಾಕಿವೆ, ನೋಡ್ಕೊಂಡೇ ತಗೊಂಡು ಹೋಗಲಿ.

ಗಿಡದಮ್ಮ
ಗಿಡದ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲವಲ್ಲ. ನನ್ನ ತೊಟ್ಟಿಗಳಲ್ಲಿ ಅಮೋನಿಯಾ ಹಾಕೋದೇ ಇಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಮೇಲೆ ತೇಲೋ ಗಿಡ ಒತ್ತಾಗಿ ತುಂಬಿಸ್ತೀನಿ. ಅವೇ ಅಮೋನಿಯಾ ಹೀರಿಕೊಳ್ಳುತ್ತೆ. ಹೊಸ ಎಲೆ ಬಿಡೋಕೆ ಶುರು ಮಾಡಿದ ಮೇಲೆ ಮೀನು.

ರಸಾಯನ_ರಾವ್
ನಿಮ್ಮಷ್ಟು ಗಿಡ ಇದ್ದರೆ ಸರಿ. ಅವರ ಹತ್ರ ಇರೋದು ಎರಡು ಅನುಬಿಯಾಸ್. ಅದು ತಿಂಗಳಿಗೆ ಒಂದೆರಡು ಎಲೆ ಬಿಡೋ ಗಿಡ, ಅಷ್ಟು ಹೀರಲ್ಲ.

ಗಿಡದಮ್ಮ
ಹಾಗಾದ್ರೆ ಮನಿಪ್ಲಾಂಟ್ ಬೇರು ನೀರಿಗೆ ಇಳಿಬಿಡಿ, ಎಲೆ ಹೊರಗಿರಲಿ. ನೈಟ್ರೇಟ್ ಚೆನ್ನಾಗಿ ಎಳೆದುಕೊಳ್ಳುತ್ತೆ. ಅದಕ್ಕೇನು ಖರ್ಚಿಲ್ಲ.

ಜಯನಗರ_ತೊಟ್ಟಿ
ಸುದ್ದಿ: ಹಳಬರ ಮನೆಗೆ ಹೋಗಿ ಸ್ಪಂಜು ತಂದು ನನ್ನ ಹೊಸ ಸ್ಪಂಜಿನ ಪಕ್ಕದಲ್ಲೇ ಇಟ್ಟಿದ್ದೀನಿ. ಕಾಫಿ ಕೊಟ್ಟು ಕಳಿಸಿದ್ರು, ಧನ್ಯವಾದ ಸರ್. ಈಗ ಅಮೋನಿಯಾ ದಿನದೊಳಗೆ ಸೊನ್ನೆಗೆ ಬರ್ತಿದೆ, ಪ್ರತಿ ಸಲ ಮತ್ತೆ 50 ಮಿಲಿ ಹಾಕ್ತಿದ್ದೀನಿ. ಆದ್ರೆ ನೈಟ್ರೈಟ್ ಕಡು ನೇರಳೆ, ಇಳೀತಾನೇ ಇಲ್ಲ. ಜೊತೆಗೆ ನೀರು ಹಾಲಿನ ಬಣ್ಣಕ್ಕೆ ತಿರುಗಿದೆ.

ರಸಾಯನ_ರಾವ್
ಹಾಲಿನ ಬಣ್ಣ ಬೇರೆ ಬ್ಯಾಕ್ಟೀರಿಯಾದ್ದು, ನೀರಲ್ಲಿ ತೇಲೋ ಜಾತಿ. ತಾನೇ ತಿಳಿಯಾಗುತ್ತೆ, ಏನೂ ಹಾಕಬೇಡಿ.

ನೈಟ್ರೈಟ್ ಇಳಿಯದ್ದಕ್ಕೆ ಲೆಕ್ಕ ಇದೆ. 2 ಪಿಪಿಎಂ ಅಮೋನಿಯಾ ಪೂರ್ತಿ ತಿರುಗಿದರೆ 5.4 ಪಿಪಿಎಂ ನೈಟ್ರೈಟ್. ನಿಮ್ಮ ಕಿಟ್ಟಿನ ಕಾರ್ಡು 5ಕ್ಕೇ ಮುಗಿಯುತ್ತೆ. ನೀವು ಮತ್ತೆ ಮತ್ತೆ ಡೋಸ್ ಹಾಕಿದ್ದೀರಿ, ಅಂದರೆ ಅಲ್ಲಿ 15 ಇದೆಯೋ 25 ಇದೆಯೋ ನಿಮಗೆ ಕಾಣ್ತಿಲ್ಲ. ಇಳೀತಾ ಇದ್ದರೂ ಕಾಣಲ್ಲ. ಅರ್ಧಕ್ಕಿಂತ ಹೆಚ್ಚು ನೀರು ಬದಲಾಯಿಸಿ, ಡೋಸ್ ಅರ್ಧ ಮಾಡಿ, ಎರಡು ದಿನಕ್ಕೊಮ್ಮೆ ಹಾಕಿ. ಬ್ಯಾಕ್ಟೀರಿಯಾ ಸ್ಪಂಜಲ್ಲಿದೆ, ನೀರು ತೆಗೆದರೆ ಅದು ಹೋಗಲ್ಲ.

ಗಪ್ಪಿಪ್ರಿಯ
ಇನ್ನೊಂದು ಎಚ್ಚರಿಕೆ. ನೈಟ್ರೈಟ್ ಇರುವಾಗ ನೈಟ್ರೇಟ್ ಟೆಸ್ಟ್ ನಂಬಬೇಡಿ. ಆ ಕೆಮಿಕಲ್ಲು ನೈಟ್ರೇಟನ್ನ ಮೊದಲು ನೈಟ್ರೈಟ್ ಮಾಡಿ ಆಮೇಲೆ ಬಣ್ಣ ಕೊಡೋದು. ಇರೋ ನೈಟ್ರೈಟೂ ಸೇರಿ ಕೆಂಪಾಗುತ್ತೆ.

ಧಾರವಾಡ_ಮೀನಗಾರ
ಹೀಟರ್ ಎಷ್ಟಕ್ಕಿಟ್ಟೀರಿ? ಬೆಂಗಳೂರಾಗ ಥಂಡಿ ದಿನಾ ನೀರು 20-21ಕ್ಕ ಇಳೀತದ. ಮೀನ ಇಲ್ದಾಗ 28ಕ್ಕ ಇಡ್ರಿ, ಲಗೂನ ಆಗ್ತದ.

ಜಯನಗರ_ತೊಟ್ಟಿ
24ರಲ್ಲಿತ್ತು. 28ಕ್ಕೆ ಏರಿಸಿದೆ.

ಮಲ್ನಾಡ್_ಹಳ್ಳ
ಏರಿಸಿದ ಮೇಲೆ ಗಾಳಿಯೂ ಜಾಸ್ತಿ ಕೊಡಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ, ಈ ಬ್ಯಾಕ್ಟೀರಿಯಾಗಳಿಗೆ ಅದು ಜಾಸ್ತಿ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರಲ್ಲ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದೋರು ಗೆಳೆಯರೊಬ್ಬರು, ಕರೆಂಟ್ ಬಂದ ಕೂಡಲೇ ಹಾಗೇ ಚಾಲೂ ಆಯ್ತು, ಒಳಗೆ ಕೊಳೆತಿದ್ದ ನೀರೆಲ್ಲ ತೊಟ್ಟಿಗೆ ಬಂತು. ಸಂಜೆಗೆ ಏಂಜಲ್ ಮೀನು ಒಂದೂ ಉಳಿಯಲಿಲ್ಲ. ಕರೆಂಟ್ ಗಂಟೆಗಟ್ಟಲೆ ಹೋದರೆ ಅಂಥ ಫಿಲ್ಟರನ್ನ ಬಿಚ್ಚಿ, ಒಳಗಿನ ಸ್ಪಂಜು ತೆಗೆದು ತೊಟ್ಟಿ ನೀರಲ್ಲೇ ಇಡಿ. ಸ್ಪಂಜ್ ಫಿಲ್ಟರ್‌ನವರಿಗೆ ಬ್ಯಾಟರಿ ಏರ್ ಪಂಪ್ ಒಂದಿದ್ದರೆ ಸಾಕು.

ಕುಡ್ಲ_ಬಾವಿ
ಇದು ನಮ್ಮಲ್ಲಿಯೂ ಉಂಟು. ಇನ್‌ವರ್ಟರಿಗೆ ಮೊದಲ ಲೈನ್ ಏರ್ ಪಂಪಿಗೆ ಕೊಟ್ಟದ್ದು ನಾನು, ಫ್ಯಾನಿಗೆ ಆಮೇಲೆ.

ಜಯನಗರ_ತೊಟ್ಟಿ
ನಿನ್ನೆ ಬೆಳಗ್ಗೆ ಪೂರ್ತಿ 2 ಪಿಪಿಎಂ ಹಾಕಿದ್ದೆ. ಇವತ್ತು ಬೆಳಗ್ಗೆ ಕಿಟಕಿ ಹತ್ರ ನಿಂತು ನೋಡಿದೆ. ಅಮೋನಿಯಾ ನಳಿಕೆ ನಿಂಬೆ ಹಳದಿ, ಹಸಿರಿನ ಸುಳಿವೇ ಇಲ್ಲ. ನೈಟ್ರೈಟ್ ತಿಳಿ ನೀಲಿ. ನೈಟ್ರೇಟ್ ಕಡು ಕೆಂಪು, 80 ಇರಬಹುದು. ಆಯ್ತಾ?

ರಸಾಯನ_ರಾವ್
ಇನ್ನೊಂದು ಸಲ 2 ಪಿಪಿಎಂ ಹಾಕಿ ನಾಳೆ ಇದೇ ಹೊತ್ತಿಗೆ ನೋಡಿ. 24 ಗಂಟೆಯೊಳಗೆ ಎರಡೂ ಮತ್ತೆ ಸೊನ್ನೆ ಬಂದರೆ ಆಯ್ತು. ದಿನ ಎಷ್ಟಾಯ್ತು ಅನ್ನೋದು ಮುಖ್ಯ ಅಲ್ಲ, ಈ ಪರೀಕ್ಷೆಯೇ ಮುಖ್ಯ.

ಜಯನಗರ_ತೊಟ್ಟಿ
ಎರಡೂ ಸೊನ್ನೆ! ಈಗ ಎಲ್ಲಾ ಮೀನು ಒಟ್ಟಿಗೆ ಬಿಡಬಹುದಾ? ಮಗಳ ಪಟ್ಟಿಯಲ್ಲಿ ಗಪ್ಪಿ, ಏಂಜಲ್, ಗೋಲ್ಡ್‌ಫಿಶ್, ಮಿಸ್ ಕೇರಳ ಎಲ್ಲಾ ಇದೆ.

ಗಪ್ಪಿಪ್ರಿಯ
ಎರಡಡಿಗೆ ಅಷ್ಟೂ ಆಗಲ್ಲ. ಗೋಲ್ಡ್‌ಫಿಶ್ ಬಿಡಿ, ಗಲೀಜು ಜಾಸ್ತಿ, ದೊಡ್ಡದೂ ಆಗುತ್ತೆ. ಏಂಜಲ್‌ಗೆ ಎತ್ತರದ ತೊಟ್ಟಿ ಬೇಕು. ಗಂಡು ಗಪ್ಪಿ ಆರು ತಗೊಳ್ಳಿ, ಹೆಣ್ಣೂ ಸೇರಿದರೆ ಮರಿಗೆ ಜಾಗ ಸಾಲಲ್ಲ.

ಮಲ್ನಾಡ್_ಹಳ್ಳ
ಮಿಸ್ ಕೇರಳ ಬೇಡ ಅಂತ ಕೈ ಮುಗಿದು ಕೇಳ್ತೀನಿ. ಪಶ್ಚಿಮ ಘಟ್ಟದ ತೊರೆಯ ಮೀನು ಅದು, ಹರಿಯೋ ತಂಪು ನೀರು ಬೇಕು, ಗೇಣುದ್ದದ ಹತ್ತಿರ ಬೆಳೆಯುತ್ತೆ, ಗುಂಪಲ್ಲಿರಬೇಕು. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿ ಸೇರಿದೆ. ನಮ್ಮ ದೇಶದ್ದೇ ಮೀನು ಬೇಕಂದ್ರೆ ಝೀಬ್ರಾ ಡ್ಯಾನಿಯೊ ಇದೆ, ಗಟ್ಟಿ ಜೀವ, ಚುರುಕು, ಮಗಳಿಗೆ ನೋಡೋಕೂ ಚೆಂದ.

ಶಿವಾಜಿನಗರ_ಹಳಬ
ಮಾರ್ಕೆಟ್‌ಗೆ ಚೆನ್ನೈನ ಕೊಳತ್ತೂರಿಂದ ಲೋಡ್ ಬಂದ ದಿನವೇ ಮೀನು ತಗೋಬೇಡಿ. ಪ್ರಯಾಣದ ಆಯಾಸ ಇರುತ್ತೆ. ಮೂರು ನಾಲ್ಕು ದಿನ ಅಂಗಡಿಯಲ್ಲಿ ಚೆನ್ನಾಗಿ ಓಡಾಡಿ, ಊಟ ಮಾಡಿದ್ದನ್ನ ನಿಂತು ನೋಡಿ ತಗೊಳ್ಳಿ.

ಮೇಷ್ಟ್ರು_ತುಮಕೂರು
ಸ್ವಲ್ಪ ಸ್ವಲ್ಪವೇ ಬಿಡಿ. ಮೊದಲು ಮೂರು, ವಾರ ಬಿಟ್ಟು ಇನ್ನು ಮೂರು.

ರಸಾಯನ_ರಾವ್
ಇಲ್ಲಿ ಮೇಷ್ಟ್ರ ಜೊತೆ ನಂದು ಭಿನ್ನಾಭಿಪ್ರಾಯ. ದಿನಕ್ಕೆ 2 ಪಿಪಿಎಂ ಅಂದರೆ 50 ಲೀಟರಿಗೆ 100 ಮಿಲಿಗ್ರಾಂ ಅಮೋನಿಯಾ. ಒಂದು ಗ್ರಾಂ ಮೀನಿನ ಆಹಾರದಿಂದ ಹುಟ್ಟೋದು ಹೆಚ್ಚೆಂದರೆ 30-40 ಮಿಲಿಗ್ರಾಂ. ಆರು ಗಪ್ಪಿ ದಿನಕ್ಕೆ ಒಂದು ಗ್ರಾಂ ಕೂಡ ತಿನ್ನಲ್ಲ. ಆರನ್ನೂ ಒಟ್ಟಿಗೆ ಬಿಟ್ಟರೂ ಆ ಸ್ಪಂಜಿಗೆ ಭಾರ ಅಲ್ಲ. ಬದಲಿಗೆ ಮೂರೇ ಬಿಟ್ಟು ವಾರ ಕಾದರೆ ಬ್ಯಾಕ್ಟೀರಿಯಾಗೆ ಊಟ ಕಡಿಮೆಯಾಗಿ ಅಷ್ಟಕ್ಕೇ ಕುಗ್ಗುತ್ತೆ.

ಮೇಷ್ಟ್ರು_ತುಮಕೂರು
ಅಮೋನಿಯಾ ಲೆಕ್ಕದಲ್ಲಿ ನೀವು ಸರಿ. ನಾನು ಹೇಳೋದು ರೋಗದ ದೃಷ್ಟಿಯಿಂದ. ಅಂಗಡಿಯ ಮೀನಲ್ಲಿ ಬಿಳಿಚುಕ್ಕೆ ರೋಗ ಇದ್ದರೆ ಮೂರಕ್ಕೇ ನಿಲ್ಲಲಿ ಅಂತ.

ರಸಾಯನ_ರಾವ್
ಅದಕ್ಕೆ ಪ್ರತ್ಯೇಕ ಬಕೆಟ್ ಇಟ್ಟು ಎರಡು ವಾರ ನೋಡಬೇಕು. ಒಂದೇ ತೊಟ್ಟಿಗೆ ಕಂತಿನಲ್ಲಿ ಬಿಟ್ಟರೆ ಎರಡನೇ ಕಂತಿನ ರೋಗ ಮೊದಲ ಕಂತಿಗೂ ಹತ್ತುತ್ತೆ.

ಗಿಡದಮ್ಮ
ಇಬ್ಬರೂ ಅವರಿಗೆ ಇವತ್ತು ಮಾಡೋ ಕೆಲಸ ಹೇಳಿ ಮೊದಲು.

ರಸಾಯನ_ರಾವ್
ಇವತ್ತು: ಮುಕ್ಕಾಲು ಭಾಗ ನೀರು ಬದಲಾಯಿಸಿ ನೈಟ್ರೇಟ್ 20ರ ಹತ್ತಿರ ತನ್ನಿ. ಹೀಟರ್ 25ಕ್ಕೆ ಇಳಿಸಿ. ನಾಳೆ ನಾಡಿದ್ದರಲ್ಲಿ ಮೀನು ತರೋದಾದರೆ ಸರಿ. ತಡ ಆದರೆ ಎರಡು ದಿನಕ್ಕೊಮ್ಮೆ 25 ಮಿಲಿ ದ್ರಾವಣ ಹಾಕ್ತಾ ಇರಿ, ಮೀನು ತರೋ ಹಿಂದಿನ ದಿನ ನಿಲ್ಲಿಸಿ. ಮೀನು ಬಿಟ್ಟ ಮೊದಲ ಹತ್ತು ದಿನ ದಿನಾ ಟೆಸ್ಟ್ ಮಾಡಿ, ಅಮೋನಿಯಾ 0.25 ಕಂಡರೂ ಕಾಲು ಭಾಗ ನೀರು ಬದಲಾಯಿಸಿ.

ಜಯನಗರ_ತೊಟ್ಟಿ
ಭಾನುವಾರ ಆರು ಝೀಬ್ರಾ ಡ್ಯಾನಿಯೊ ತರ್ತೀವಿ. ಮಗಳೇ ಆರಿಸ್ತಾಳಂತೆ. ಹಳಬರ ಸ್ಪಂಜನ್ನ ಯಾವಾಗ ವಾಪಸ್ ಕೊಡಬಹುದು?

ಶಿವಾಜಿನಗರ_ಹಳಬ
ಅದು ಅಲ್ಲೇ ಇರಲಿ. ನಿಮ್ಮದು ತಿಂಗಳೊಪ್ಪತ್ತು ಹಣ್ಣಾದ ಮೇಲೆ ಹಾಸನದವರಿಗೆ ಕೊಡಿ, ಅವರ ಗೋಲ್ಡ್‌ಫಿಶ್ ತೊಟ್ಟಿಗೆ ಬೇಕಾಗುತ್ತೆ.

ಹೊಸಬ_ಹಾಸನ
ಎರಡೂ ಬದುಕಿವೆ ಸರ್, ದಿನಾ ನೀರು ಬದಲಾಯಿಸ್ತಿದ್ದೀನಿ. ಮುಂದಿನ ವಾರ ಬೆಂಗಳೂರಿಗೆ ಬರ್ತಿದ್ದೀನಿ. ಬಸ್ಸಲ್ಲಿ ನಾಲ್ಕು ಗಂಟೆ, ಸ್ಪಂಜು ತಡೆಯುತ್ತಾ?

ಮೇಷ್ಟ್ರು_ತುಮಕೂರು
ತಡೆಯುತ್ತೆ. ಮುಳುಗುವಷ್ಟು ನೀರು ಬೇಡ, ಒದ್ದೆ ಇದ್ದರೆ ಸಾಕು, ಕವರಿನ ಉಳಿದ ಜಾಗಕ್ಕೆಲ್ಲ ಗಾಳಿ. ಕಿಟಕಿ ಬಿಸಿಲಿಗೆ ಮಾತ್ರ ಇಡಬೇಡಿ.